ಈ ಮಾಧ್ಯಮಕ್ಕೆ ಬೆಂಬಲವಿಲ್ಲ

ಆದೋನಿ
೩ ನವೆಂಬರ್ ೨೦೨೩

ಕನ್ನಡ ಶಾಲೆಯ ಅಶ್ವಿನಿ ಟೀಚರಿಗೆ,

ಇದೇ ನವೆಂಬರ್ ಒಂದನೆಯ ತಾರೀಖು ಬೆಳಿಗ್ಗೆ, ನಮ್ಮ ಪೇಟೆಯ ಕನ್ನಡ ಶಾಲೆಯ ಗೋಡೆಯ ಮೇಲೆ, ಹೆತ್ತವರು, ಹಿರಿಯರು, ಶಿಕ್ಷಣ ಅಧಿಕಾರಿಗಳು ಎಲ್ಲರ ಕಣ್ಣೆದುರಿನಲ್ಲಿ ಕನ್ನಡಕ್ಕೆ ಒಂದು ಅನ್ಯಾಯವಾಯಿತು. ಅದನ್ನು ಮಾಡಿದ ಯಂತ್ರ ನಿಮ್ಮ ಮೇಜಿನ ಮೇಲಿತ್ತು. ಆದ್ದರಿಂದ ಈ ಕಾಗದ ನಿಮಗೆ.

ನಡೆದದ್ದನ್ನು ನೆನಪಿಸುತ್ತೇನೆ. ನೀವು ಮೊದಲು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ನಮ್ಮ ಶಾಲೆ, ನಮ್ಮ ಕನ್ನಡ ಮಾಧ್ಯಮ' ಎಂಬ ತಲೆಬರಹ ತೋರಿಸಿದಿರಿ. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ನಾನು. ಅದರ ಕೆಳಗೆ ನನ್ನ ಭಾಷಣದ ವಿಡಿಯೋ ಬರಬೇಕಿತ್ತು. ಅದರ ಮಾತು ಬಿಡಿ, ಅದು ಮುಖ್ಯವಲ್ಲ. ವಿಡಿಯೋದ ಬದಲು ಒಂದು ಕಪ್ಪು ಚೌಕ ಬಂತು. ಅದರೊಳಗೆ ಬಿಳಿ ಅಕ್ಷರದಲ್ಲಿ, ಒಂದು ಒತ್ತು ದೀರ್ಘವೂ ತಪ್ಪದೆ, 'ಈ ಮಾಧ್ಯಮಕ್ಕೆ ಬೆಂಬಲವಿಲ್ಲ' ಎಂದು ಬರೆದಿತ್ತು.

ನಿಮ್ಮ ಮಕ್ಕಳಿಗೆ ಹಲಗೆಯ ಮೇಲೆ ಏನು ಕಂಡರೂ ಒಟ್ಟಾಗಿ ಗಟ್ಟಿಯಾಗಿ ಓದುವ ರೂಢಿ. ಓದಿದರು. ನೀವು ಮೌಸ್ ಒತ್ತಿದಾಗಲೆಲ್ಲ ಮತ್ತೆ ಮತ್ತೆ ಓದಿದರು. ನಂದವರಂನಿಂದ ಬಸ್ಸು ಹತ್ತಿ ಬಂದಿದ್ದ ನನ್ನ ಅಕ್ಕ ವೀರಬಸಮ್ಮ ನನ್ನನ್ನು ತಿವಿದು ಕೇಳಿದಳು: "ನಿನ್ನ ಮಾರಿ ತೋರಸ್ತಾರಂತ ಕರಕೊಂಡು ಬಂದೀ. ಬರೇ ಕರೀ ಹಲಿಗಿ ತೋರಸಾಕತ್ಯಾರಲ್ಲೋ?"

ನನ್ನ ಮಾರಿ ಹಾಗಿರಲಿ. ೧೯೫೩ರಲ್ಲಿ ಬಳ್ಳಾರಿಯನ್ನು ಅತ್ತ, ನಮ್ಮನ್ನು ಇತ್ತ ಆಂಧ್ರಕ್ಕೆ ಹಾಕಿ ಗೆರೆ ಎಳೆದಾಗ ನನಗೆ ಐದು ವರ್ಷ. ಅಂದಿನಿಂದ ಈ ಮಾತನ್ನು ನಮಗೆ ಬಹಳ ಜನ ಬಹಳ ರೀತಿಯಲ್ಲಿ ಹೇಳಿದ್ದಾರೆ. ಪುಸ್ತಕ ತಡವಾಗಿ ಕಳಿಸಿ ಹೇಳಿದರು. ಮಾಸ್ತರನ್ನು ಕಳಿಸದೆ ಹೇಳಿದರು. ಇಷ್ಟು ಶುದ್ಧ ಕನ್ನಡದಲ್ಲಿ ಬರೆದು, ಮಕ್ಕಳ ಬಾಯಿಂದಲೇ ಹೇಳಿಸಿದ್ದು ಇದೇ ಮೊದಲು.

ಬರೆದವರು ಯಾರು? ಯಾರ ಅಪ್ಪಣೆಯಿಂದ? ಉತ್ತರವನ್ನು ಕಾಗದದಲ್ಲಿ ಕಳಿಸಿ. ವಾಟ್ಸಾಪಿನಲ್ಲಿ ಬೇಡ. ಅಲ್ಲಿ ಬರೆದವರೇ ಬರೆದದ್ದನ್ನು ಅಳಿಸುತ್ತಾರೆ.

ಇಂತಿ,
ಉಚ್ಚೀರಪ್ಪ
(ಜಿನ್ನಿಂಗ್ ಮಿಲ್ಲಿನ ನಿವೃತ್ತ ಮ್ಯಾನೇಜರ್, ಈ ಶಾಲೆಯ ಹಳೆಯ ವಿದ್ಯಾರ್ಥಿ)


ಆದೋನಿ
೮ ನವೆಂಬರ್ ೨೦೨೩

ಉಚ್ಚೀರಪ್ಪ ಅಜ್ಜಾರಿಗೆ ಅಶ್ವಿನಿಯ ನಮಸ್ಕಾರಗಳು.

ಅಜ್ಜಾರೆ, ಅದನ್ನು ಸರ್ಕಾರ ಬರೆಸಲಿಲ್ಲ, ನಾನೂ ಬರೆಯಲಿಲ್ಲ. ಕಂಪ್ಯೂಟರ್ ತಾನಾಗಿ ಹೇಳಿದ್ದು. ನಮ್ಮ ಶಾಲೆಯಲ್ಲಿರುವುದು ಪುಕ್ಕಟೆಯಾಗಿ ಸಿಗುವ, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಆಫೀಸ್ ತಂತ್ರಾಂಶ. ಅದರ ಪಟ್ಟಿ, ಗುಂಡಿ, ಸೂಚನೆ ಎಲ್ಲವೂ ಕನ್ನಡದಲ್ಲಿದೆ ಎಂದೇ ನಾನು ಅದನ್ನು ಆರಿಸಿದ್ದು. ಹಾಡು, ವಿಡಿಯೋ ಇಂಥವನ್ನೆಲ್ಲ ಇಂಗ್ಲಿಷಿನಲ್ಲಿ ಮೀಡಿಯಾ ಅನ್ನುತ್ತಾರೆ. ಕನ್ನಡಕ್ಕೆ ತಂದವರು ಅದನ್ನು ಮಾಧ್ಯಮ ಮಾಡಿದ್ದಾರೆ. ನಮ್ಮ ಊರಿನಲ್ಲಿ ಮಾಧ್ಯಮ ಅಂದರೆ ಕನ್ನಡ ಮೀಡಿಯಂ, ತೆಲುಗು ಮೀಡಿಯಂ ಎಂಬ ಒಂದೇ ಅರ್ಥ ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

ವಿಡಿಯೋ ಓಡದಿದ್ದುದಕ್ಕೆ ಕಾರಣ ಕೋಡೆಕ್. ವಿಡಿಯೋವನ್ನು ಒತ್ತಿ ಸಣ್ಣದು ಮಾಡಿ ಇಟ್ಟಿರುತ್ತಾರೆ. ತೋರಿಸುವಾಗ ಅದನ್ನು ಬಿಚ್ಚುವ ಒಂದು ಸಲಕರಣೆ ಬೇಕು, ಅದೇ ಕೋಡೆಕ್. ನನ್ನ ಮನೆಯ ಲ್ಯಾಪ್‌ಟಾಪಿನಲ್ಲಿ ಅದು ಇತ್ತು, ಅಲ್ಲಿ ನಿಮ್ಮ ಭಾಷಣ ಚೆನ್ನಾಗಿ ಓಡಿತು. ಶಾಲೆಯದರಲ್ಲಿ ಇರಲಿಲ್ಲ. ಮೊದಲೇ ಪರೀಕ್ಷಿಸದಿದ್ದದ್ದು ನನ್ನ ತಪ್ಪು. ಕ್ಷಮಿಸಿ. ವೀರಬಸಮ್ಮ ಅಜ್ಜಿಗೂ ಹೇಳಿ.

ನಿಮ್ಮ,
ಅಶ್ವಿನಿ


ಆದೋನಿ
೨೦ ನವೆಂಬರ್ ೨೦೨೩

ಅಶ್ವಿನಿ ಟೀಚರಿಗೆ,

ಕೋಡೆಕ್ ನನಗೆ ನಿಮಗಿಂತ ಚೆನ್ನಾಗಿ ಅರ್ಥವಾಯಿತು. ನಮ್ಮ ಮಿಲ್ಲಿನಲ್ಲಿ ಅರಳೆಯನ್ನು ಪ್ರೆಸ್ಸಿನಲ್ಲಿ ಒತ್ತಿ ಬೇಲು ಕಟ್ಟುತ್ತಿದ್ದೆವು. ಅದು ಹೋಗಿ ಸೇರಿದ ಕಡೆ ಬೇಲು ಬಿಚ್ಚುವವರು ಇರಬೇಕು. ಇಲ್ಲದಿದ್ದರೆ ಅದು ಅರಳೆಯಲ್ಲ, ಕಲ್ಲು. ನಿಮ್ಮ ಶಾಲೆಗೆ ಬೇಲು ಬಂತು, ಬಿಚ್ಚುವವರು ಬರಲಿಲ್ಲ. ಆದರೆ ಬಿಚ್ಚುವವರು ಬರದಿದ್ದರೆ ನಾವು 'ಈ ಹತ್ತಿಗೆ ಬೆಂಬಲವಿಲ್ಲ' ಎಂದು ಬೋರ್ಡು ಬರೆಯುತ್ತಿರಲಿಲ್ಲ.

ಇದು ನಗುವ ಮಾತಲ್ಲ. ಹತ್ತಿ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುವ ಪಕೀರಪ್ಪ ನಿನ್ನೆ ಚಹಾದಂಗಡಿಯಲ್ಲಿ ಸಿಕ್ಕಿದ್ದ. ಅವನ ಮಗಳು ಮೌನಿಕಾ ನಿಮ್ಮ ಐದನೇ ತರಗತಿಯವಳು.

"ಅಜ್ಜಾ, ಬರೋ ಜೂನ್‌ನಾಗ ಮೌನಿಕಾನ್ನ ತೆಲುಗು ಮೀಡಿಯಮ್ಮಿಗೆ ಹಾಕ್ತೀನ್ರಿ" ಎಂದ.

"ಯಾಕೋ?"

"ಸಪೋರ್ಟ್ ಲೇದಂಟ ಗದಾ. ಬೆಂಬಲ ಇಲ್ಲಂತ ಗ್ವಾಡಿ ಮ್ಯಾಲೆ ಬರದಿದ್ರಲ್ರಿ."

"ನಿನಗ ಓದಾಕ ಎಲ್ಲಿ ಬರತೈತಿ?"

"ನನಗ ಬರಂಗಿಲ್ರಿ. ನನ್ನ ಮಗಳೇ ಓದಿದ್ಳಲ್ಲ, ಎಲ್ಲಾರಿಗಿಂತ ಗಟ್ಟಿಯಾಗಿ. ಆಕಿ ಸುಳ್ಳು ಓದ್ತಾಳೇನ್ರಿ?"

"ಅದು ವಿಡಿಯೋದ ಮಾತೋ ತಮ್ಮಾ. ಕೋಡೆಕ್ ಇಲ್ಲಂತ."

"ನೋಡ್ರಿ ಮತ್ತ! ಮಾಸ್ತರು ಇಲ್ಲ, ಬುಕ್ಕು ಇಲ್ಲ, ಈಗ ಕೋಡೆಕ್ಕೂ ಇಲ್ಲಂತೀರಿ. ತೆಲುಗು ಮೀಡಿಯಮ್ದಾಗ ಕೋಡೆಕ್ ಕೊಡ್ತಾರೇನ್ರಿ?"

ಕೊಡುತ್ತಾರೆಂದೇ ನನ್ನ ಅನುಮಾನ. ಮಾರ್ಚ್ ಒಳಗೆ ಸಾಕಷ್ಟು ಮಕ್ಕಳು ಹೆಸರು ಕೊಡದಿದ್ದರೆ ಮುಂದಿನ ವರ್ಷ ಆರನೇ ತರಗತಿಗೆ ಕನ್ನಡ ವಿಭಾಗವೇ ಇರುವುದಿಲ್ಲ, ಅದು ನಿಮಗೂ ಗೊತ್ತು. ಪಕೀರಪ್ಪ ಹೋದರೆ ಹಮಾಲರ ಓಣಿಯೆಲ್ಲ ಅವನ ಹಿಂದೆ ಹೋಗುತ್ತದೆ.

ವಿಡಿಯೋ ಮತ್ತೆ ತೋರಿಸಬೇಕು. ನನ್ನ ಸಲುವಾಗಿ ಅಲ್ಲ. ಜೊತೆಗೆ, ಆ ವಾಕ್ಯ ಬರೆದ ಮಹಾನುಭಾವರ ಹೆಸರು ಬೇಕು.

ಇಂತಿ,
ಉಚ್ಚೀರಪ್ಪ


ಆದೋನಿ
೨ ಡಿಸೆಂಬರ್ ೨೦೨೩

ಅಜ್ಜಾರಿಗೆ ನಮಸ್ಕಾರ.

ಫೆಬ್ರುವರಿ ಇಪ್ಪತ್ತೊಂದು ತಾಯ್ನುಡಿ ದಿನ. ಅಂದು ಮತ್ತೆ ತೋರಿಸಲು ಹೆಡ್‌ಮಾಸ್ತರು ಒಪ್ಪಿದ್ದಾರೆ. ಅಧಿಕಾರಿಗಳನ್ನೂ ಕರೆಯುತ್ತೇವೆ, ಪಕೀರಪ್ಪನವರನ್ನೂ.

ಹೆಸರು ಸಿಕ್ಕಿತು. ಈ ತಂತ್ರಾಂಶವನ್ನು ಕನ್ನಡಕ್ಕೆ ತರುವವರು ಸಂಬಳವಿಲ್ಲದೆ ಮಾಡುವ ಸ್ವಯಂಸೇವಕರು. ಆ ಸಾಲನ್ನು ತಂದವರು ಬಳ್ಳಾರಿಯ ನಿವೃತ್ತ ಕನ್ನಡ ಉಪನ್ಯಾಸಕರು, ರುದ್ರೇಶ ಎಂದು. ನಾನು ಇಮೇಲ್ ಮಾಡಿದೆ. ಅವರು, "ಆದೋನಿಯಿಂದ ಇಷ್ಟು ಸಿಟ್ಟಿನಲ್ಲಿ ಕೇಳುತ್ತಿರುವವರು ಉಚ್ಚೀರಪ್ಪನವರೇ ಇರಬೇಕು. ಹಾಗಿದ್ದರೆ ಕಾಗದವೇ ಬರಲಿ" ಎಂದು ಮನೆಯ ವಿಳಾಸ ಕೊಟ್ಟರು. ಅದನ್ನು ಈ ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ.

ಅಜ್ಜಾರೆ, ಅವರು ನಿಮಗೆ ಪರಿಚಯವೇ?

ಅಶ್ವಿನಿ


ಆದೋನಿ
೬ ಡಿಸೆಂಬರ್ ೨೦೨೩

ಬಳ್ಳಾರಿಯ ಶ್ರೀ ರುದ್ರೇಶ ಅವರ ಸನ್ನಿಧಿಗೆ,

ತಾವು ನನ್ನನ್ನು ಮರೆತಿರಬಹುದು. ನಾವಿಬ್ಬರೂ ಆದೋನಿಯ ಕನ್ನಡ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತವರು. ೨೦೧೧ರಲ್ಲಿ ಎಮ್ಮಿಗನೂರಿನ ಕನ್ನಡ ಸಭೆಯಲ್ಲಿ, ವೇದಿಕೆಯ ಮೇಲೆ, ನಾನು 'ಬೆಳಿಗ್ಗೆ ಉಗ್ಗಾಣಿ ತಿಂದು ಬಂದೆ' ಎಂದಾಗ ತಾವು ಮೈಕು ಕಸಿದು, "ಮಂಡಕ್ಕಿಯದಕ್ಕೆ ಉಗ್ಗಾಣಿ ಅನ್ನೂದು ತೆಲುಗು. ಕನ್ನಡದಾಗ ಅದು ಸೂಸಲ" ಎಂದು ತಿದ್ದಿದಿರಿ. ಸಭೆ ನಕ್ಕಿತು. ಅಂದಿನಿಂದ ನಾನು ತಮಗೆ ತೊಂದರೆ ಕೊಟ್ಟಿಲ್ಲ.

ಈಗ ತಾವು ನಮಗೆ ಕೊಟ್ಟಿದ್ದೀರಿ. 'ಈ ಮಾಧ್ಯಮಕ್ಕೆ ಬೆಂಬಲವಿಲ್ಲ' ಎಂಬ ತಮ್ಮ ಕೃತಿಯನ್ನು ನಾವೇ ಓದಿದ ಶಾಲೆಯ ಮಕ್ಕಳು ನವೆಂಬರ್ ಒಂದರಂದು ವಾಚನ ಮಾಡಿದರು. ಹಮಾಲಿ ಪಕೀರಪ್ಪ ಅದನ್ನು ಕೇಳಿ ಮಗಳನ್ನು ಬಿಡಿಸಲು ಹೊರಟಿದ್ದಾನೆ. ಒಂದು ಸಾಲಿನಿಂದ ಇಷ್ಟು ಪರಿಣಾಮ ಯಾವ ಸಾಹಿತಿಗೂ ಸಿಕ್ಕಿಲ್ಲ. ಅಭಿನಂದನೆಗಳು.

ತಮ್ಮ ಉತ್ತರವನ್ನು ನಿರೀಕ್ಷಿಸುವ,
ಎಚ್. ಉಚ್ಚೀರಪ್ಪ


ಬಳ್ಳಾರಿ
೧೮ ಡಿಸೆಂಬರ್ ೨೦೨೩

ಉಚ್ಚೀರಪ್ಪ,

ಹನ್ನೆರಡು ವರ್ಷದ ಮೇಲೆ ನಿನ್ನ ಕಾಗದ ಬಂತು. ಅದರಲ್ಲಿ 'ಶ್ರೀ' ಇತ್ತು, 'ಸನ್ನಿಧಿ' ಇತ್ತು. ಮುಂದೆ ಓದುವ ಮೊದಲೇ ನಿನ್ನ ಸಿಟ್ಟು ಎಷ್ಟೆಂದು ತಿಳಿಯಿತು.

ಇಂಗ್ಲಿಷಿನಲ್ಲಿ ಇದ್ದದ್ದನ್ನು ನಾನು ಕನ್ನಡದಲ್ಲಿ ಇಟ್ಟೆ. ಮೀಡಿಯಾಕ್ಕೆ ಮಾಧ್ಯಮ, ಸಪೋರ್ಟಿಗೆ ಬೆಂಬಲ. ಯಾವ ನಿಘಂಟು ಬೇಕಾದರೂ ತೆಗೆದು ನೋಡು. ನಮ್ಮ ಕೆಲಸ ಹೇಗೆಂದರೆ ಒಂದೊಂದೇ ವಾಕ್ಯ ಬರುತ್ತದೆ. ಅದು ಎಲ್ಲಿ ಕಾಣುತ್ತದೆ, ಯಾರು ಓದುತ್ತಾರೆ, ಅದರ ಮೇಲೆ ಏನು ತಲೆಬರಹ ಇರುತ್ತದೆ, ಯಾರೂ ಹೇಳುವುದಿಲ್ಲ. ನಾನು ತಂದ ಸಾಲುಗಳನ್ನು ಯಾರಾದರೂ ಓದುತ್ತಾರೋ ಇಲ್ಲವೋ ಎಂದು ಎಷ್ಟೋ ಸಲ ಅನ್ನಿಸಿದೆ. ಮೊದಲ ಓದುಗ ನೀನೇ ಆಗಬೇಕೆ?

ಹಮಾಲಿಯ ಮಗಳ ವಿಷಯ ಓದಿ ಊಟ ಸೇರಲಿಲ್ಲ. ಆ ಸಾಲನ್ನು ತಿದ್ದುವ ಅಧಿಕಾರ ನನಗಿದೆ. ಏನು ಬರೆಯಲಿ, ನೀನೇ ಹೇಳು. 'ವಿಡಿಯೋ' ಎಂದು ಬರೆ ಅನ್ನಬೇಡ, ಅದು ಕನ್ನಡವಲ್ಲ.

ರುದ್ರೇಶ

ಮರೆತೆ: ನಿನ್ನ ಆ ಭಾಷಣ ಎಷ್ಟು ಉದ್ದದ್ದು? ಕಂಪ್ಯೂಟರ್ ಸುಮ್ಮನೆ ಬೇಡ ಅಂದಿರಲಾರದು.


ಆದೋನಿ
೨ ಜನವರಿ ೨೦೨೪

ರುದ್ರೇಶ,

ಉಗ್ಗಾಣಿಯನ್ನು ಬಾಗಿಲಾಚೆ ನಿಲ್ಲಿಸಿದವನು ಸಂಸ್ಕೃತದ ಮಾಧ್ಯಮವನ್ನು ಒಳಗೆ ಕರೆದು ಮಣೆ ಹಾಕಿದ್ದೀ. ವೀರಬಸಕ್ಕನನ್ನು ಕೇಳಿದೆ, "ಮಾಧ್ಯಮ ಅಂದ್ರ ಏನಕ್ಕಾ?" "ಹುಡುಗ್ರು ಯಾವದರಾಗ ಓದ್ತಾರೋ ಅದು" ಎಂದಳು. "ವಿಡಿಯೋ ಅಂದ್ರ?" "ಮನ್ನೆ ನಿಂದು ಬರಲಿಲ್ಲಲ್ಲ, ಅದು." ಯಾವುದು ಕನ್ನಡ ಎಂದು ನೀನೇ ತೀರ್ಮಾನ ಮಾಡು.

ನನ್ನ ವಾಕ್ಯ ಇದು: 'ಈ ವಿಡಿಯೋ ಓಡಿಸಲು ಬೇಕಾದ ಕೋಡೆಕ್ ಈ ಕಂಪ್ಯೂಟರಿನಲ್ಲಿ ಇಲ್ಲ.' ಉದ್ದವಾಯಿತು ಅನ್ನುತ್ತೀ, ಗೊತ್ತು. ಆದರೆ ಇದನ್ನು ಓದಿದವನಿಗೆ ಕೊರತೆ ಕಂಪ್ಯೂಟರಿನದು ಎಂದು ತಿಳಿಯುತ್ತದೆ. ನಿನ್ನ ವಾಕ್ಯದಲ್ಲಿ ಕೊರತೆ ಮಾಧ್ಯಮದ್ದು. ಬೆಂಬಲ ಕೊಡದವನು ಯಾರು ಎಂಬುದೂ ಅದರಲ್ಲಿಲ್ಲ. ಆಫೀಸುಗಳಿಗೆ ಅಂಥ ವಾಕ್ಯ ಬಹಳ ಪ್ರಿಯ. ಅವರಿಗೆ ನೀನು ಯಾಕೆ ಬರೆದುಕೊಡಬೇಕು?

ನನ್ನ ಭಾಷಣ ಏಳು ನಿಮಿಷದ್ದು. ಕೆಮ್ಮು ಬಿಟ್ಟರೆ ಆರು.

ಉಚ್ಚೀರಪ್ಪ


ಆದೋನಿ
೧೦ ಫೆಬ್ರುವರಿ ೨೦೨೪

ಅಜ್ಜಾರೆ,

ಶುಭ ಸುದ್ದಿ. ನಿಮ್ಮ ವಿಡಿಯೋ ಶಾಲೆಯ ಕಂಪ್ಯೂಟರಿನಲ್ಲಿ ಓಡಿತು!

ಶಾಲೆಯಲ್ಲಿ ಇಂಟರ್ನೆಟ್ ಇಲ್ಲದ್ದರಿಂದ ಕೋಡೆಕನ್ನು ಮನೆಯಿಂದ ಪೆನ್ ಡ್ರೈವಿನಲ್ಲಿ ಒಯ್ಯಬೇಕಾಯಿತು. ಹಾಕಲು ಹೋದರೆ ಅದು, ತನಗಿಂತ ಮೊದಲು ಇನ್ನೊಂದು ಬೇಕು ಎಂದಿತು. ಅದನ್ನು ಒಯ್ದರೆ ಅದಕ್ಕೆ ಮತ್ತೊಂದು ಬೇಕಂತೆ. ಜಾತಿ ಪ್ರಮಾಣಪತ್ರಕ್ಕೆ ರೇಷನ್ ಕಾರ್ಡು, ರೇಷನ್ ಕಾರ್ಡಿಗೆ ಆಧಾರ್, ಆಧಾರಿಗೆ ಮತ್ತೆ ಪ್ರಮಾಣಪತ್ರ ಎಂದು ನಮ್ಮ ಪಾಲಕರು ತಿರುಗುತ್ತಾರಲ್ಲ, ಹಾಗೆ ತಿರುಗಿದೆ. ಕೊನೆಗೆ ಕಪ್ಪು ಚೌಕ ಹೋಗಿ ನಿಮ್ಮ ಮುಖ ಬಂತು. ಮಕ್ಕಳು ಎದ್ದು ನಿಂತು "ನಮಸ್ತೇ ಅಜ್ಜಾ" ಎಂದರು.

ಈಗ ದಿನಾ ಪ್ರಾರ್ಥನೆ ಮುಗಿದ ಮೇಲೆ ಒಮ್ಮೆ ಓಡಿಸಿ ಪರೀಕ್ಷಿಸುತ್ತೇನೆ. ಈ ಸಲ ತಪ್ಪುವ ಮಾತೇ ಇಲ್ಲ. ಮಕ್ಕಳಿಗೆ ನಿಮ್ಮ ಮಾತು ಕೇಳಿ ಕೇಳಿ ಸಾಕಾಗಿರಬೇಕು, ಆದರೂ ಗಲಾಟೆ ಮಾಡದೆ ಕೇಳುತ್ತಾರೆ. ಮೌನಿಕಾ ನಿಮ್ಮ ಹಾಗೆಯೇ ಕೆಮ್ಮುತ್ತಾಳೆ.

ಅಶ್ವಿನಿ


ಆದೋನಿ
೨೩ ಫೆಬ್ರುವರಿ ೨೦೨೪

ರುದ್ರ್ಯಾ,

ತಪ್ಪಿತು.

ಮೊನ್ನೆ ಶಾಲೆಯ ಅಂಗಳ ತುಂಬಿತ್ತು. ಅಧಿಕಾರಿಗಳು ಮುಂದಿನ ಸಾಲಿನಲ್ಲಿ. ಪಕೀರಪ್ಪ ಹಿಂದೆ ಗೋಡೆಗೆ ಒರಗಿ ನಿಂತಿದ್ದ, ಅವನ ಸುತ್ತ ಹಮಾಲರು. ನಾನು ಮಗ್ಗದ ಹೊಸ ಧೋತ್ರ ಉಟ್ಟಿದ್ದೆ. ಅಶ್ವಿನಿ ಗುಂಡಿ ಒತ್ತಿದಳು. ಗೋಡೆಯ ತುಂಬ ನಾನು ಬಂದೆ. ಬಾಯಿ ತೆರೆದೆ. ಸದ್ದು ಬರಲಿಲ್ಲ.

ಕೋಡೆಕ್ ಸರಿಯಿತ್ತು. ದಿನಾ ಪರೀಕ್ಷಿಸಿದ್ದು ಕಂಪ್ಯೂಟರಿನ ಪರದೆಯ ಮೇಲೆ, ಪ್ರೊಜೆಕ್ಟರ್ ತಂದದ್ದು ಅಂದೇ. ಅದರ ವೈರು ಚುಚ್ಚಿದ ಕೂಡಲೇ ಕಂಪ್ಯೂಟರು ಚಿತ್ರದ ಜೊತೆ ಧ್ವನಿಯನ್ನೂ ಅದಕ್ಕೇ ಕಳಿಸಿತಂತೆ. ಆ ಪ್ರೊಜೆಕ್ಟರಿಗೆ ಬಾಯಿಯೇ ಇಲ್ಲ. ನಾನು ಗೋಡೆಯ ಮೇಲೆ ಕೈ ಎತ್ತಿ, ಕಣ್ಣು ಅಗಲಿಸಿ ಕನ್ನಡಕ್ಕಾಗಿ ಹೋರಾಡುತ್ತಿದ್ದೇನೆ, ಮೀನಿನ ಹಾಗೆ. ಅಧಿಕಾರಿಗಳು ಗಡಿಯಾರ ನೋಡಿಕೊಂಡರು. ಅಶ್ವಿನಿಯ ಕಣ್ಣಲ್ಲಿ ನೀರು.

ಆಗ ಒಂದು ಹೆಣ್ಣು ಧ್ವನಿ ಬಂತು: "ನಾನು ಈ ಸಾಲ್ಯಾಗ ಕಲ್ತವ." ನೋಡಿದರೆ ಮೌನಿಕಾ. ಹಲಗೆಯ ಮೇಲೆ ಕಂಡದ್ದನ್ನು ಓದಬೇಕು ಎಂಬುದೇ ಅವರ ರೂಢಿಯಲ್ಲವೆ, ಅವಳು ನನ್ನ ತುಟಿ ಓದುತ್ತಿದ್ದಳು. ಎರಡನೆಯ ವಾಕ್ಯಕ್ಕೆ ತರಗತಿಯೆಲ್ಲ ಸೇರಿತು. ನನ್ನ ತುಟಿಗೂ ಅವರ ಧ್ವನಿಗೂ ಕೂದಲೆಳೆ ಅಂತರವಿಲ್ಲ. ನಾನು ಕೆಮ್ಮಿದಲ್ಲಿ ಎಲ್ಲರೂ ಕೆಮ್ಮಿದರು. "ಎಲ್ಲಿದ್ದೆ ನಾನು?" ಎಂದು ತಲೆ ಕೆರೆದರು. ಚಿತ್ರ ತೆಗೆಯುವಾಗ ನಾನು ನಡುವೆ ಹೇಳಿದ್ದ "ಆ ಫ್ಯಾನ್ ಆರಸಮ್ಮಾ, ಸದ್ದು ಬರತೈತಿ" ಎಂಬುದನ್ನೂ ಬಿಡಲಿಲ್ಲ. ಹೆಡ್‌ಮಾಸ್ತರು ಓಡಿಹೋಗಿ ಫ್ಯಾನ್ ಆರಿಸಿದರು.

ಕೊನೆಯ ಮಾತು ಬಂತು: "ಲೆಕ್ಕ ಯಾವ ಭಾಷಿಯಾಗ ಕಲ್ತರೂ ಬರತೈತಿ. ತಪ್ಪಾದಾಗ ಅವ್ವನ ಹತ್ರ ಒಯ್ದು ಕೇಳಬೇಕಂದ್ರ, ಅವ್ವನ ಭಾಷಿಯಾಗ ಕಲ್ತಿರಬೇಕು." ಅದನ್ನು ನಾನು ಏಳು ನಿಮಿಷದ ಭಾಷಣಕ್ಕೆ ಒಂದು ಮುಕ್ತಾಯ ಬೇಕೆಂದು ಬರೆದಿದ್ದೆ. ಆ ಮಕ್ಕಳು ಹೇಳಿದಾಗ ಅದು ನಿಜವೆಂದು ನನಗೇ ತಿಳಿಯಿತು.

ಅಂಗಳವೆಲ್ಲ ಚಪ್ಪಾಳೆ. ವೀರಬಸಕ್ಕ ಅಂದಳು: "ನಿನ್ನ ಬಾಯಿ ಮುಚ್ಚಿಸಿ ಹುಡುಗ್ರು ಮಾತಾಡಿದ್ರು ನೋಡು. ಭಾಳ ಚಲೋ ಆತು." ಅಧಿಕಾರಿಗಳು ಎದ್ದು, "ಪಿಲ್ಲಲು ಬಾಗಾ ಚೆಪ್ಪಾರು" ಎಂದು ಮಕ್ಕಳನ್ನು ಹೊಗಳಿದರು. ನಾನು ಅಲ್ಲೇ ಕೇಳಿದೆ, ಆರನೇ ತರಗತಿಗೆ ಕನ್ನಡ ವಿಭಾಗ ಉಳಿಯುತ್ತದೆಯೋ ಇಲ್ಲವೋ? "ಚೂದ್ದಾಂ ಸಾರ್, ಚೂದ್ದಾಂ" ಎಂದರು. ನೋಡೋಣ ಎನ್ನುವುದನ್ನು ಅವರು ಜೀಪು ಹತ್ತುತ್ತಾ ಹೇಳುತ್ತಾರೆ.

ಪಕೀರಪ್ಪ ಕಣ್ಣು ಒರೆಸಿಕೊಂಡು ಬಂದ.

"ಮೌನಿಕಾ ಹೆಂಗ ಹೇಳಿದ್ಳರಿ ಅಜ್ಜಾ! ನನ್ನ ಮಗಳು ಹೌದೋ ಅಲ್ಲೋ ಅನ್ನಿಸ್ತು."

"ಹಂಗಾರ ಹೆಸರು ಕೊಡು."

"ಆಫೀಸರು ಏನಂದ್ರು?"

"ಚೂದ್ದಾಂ ಅಂದ್ರು."

"ಹಂಗಾರ ನಾನೂ ಚೂದ್ದಾಂ ರಿ" ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೋದ.

ಅವನ ಮೇಲೆ ನನಗೆ ಸಿಟ್ಟಿಲ್ಲ. ಈ ಸಲ ಸಿಟ್ಟು ಯಾರ ಮೇಲೆಂದು ನನಗೆ ಸರಿಯಾಗಿ ಗೊತ್ತಿದೆ. ನಿನ್ನ ಮೇಲೆ ಅಲ್ಲ.

ಉಚ್ಚೀರಪ್ಪ


ಬಳ್ಳಾರಿ
೨೯ ಫೆಬ್ರುವರಿ ೨೦೨೪

ಉಚ್ಚೀರ್ಯಾ,

ನಿನ್ನ ವಾಕ್ಯವನ್ನು ಹಾಗೆಯೇ ಹಾಕಿದೆ, 'ವಿಡಿಯೋ' ಸಹಿತ. ಇನ್ನು ಮೇಲೆ ಜಗತ್ತಿನ ಯಾವ ಮೂಲೆಯಲ್ಲಿ ಯಾರು ಆ ತಂತ್ರಾಂಶದ ಹೊಸ ಆವೃತ್ತಿಯನ್ನು ಕನ್ನಡದಲ್ಲಿ ತೆರೆದರೂ, ವಿಡಿಯೋ ಓಡದಿದ್ದರೆ ಆದೋನಿಯ ಕನ್ನಡ ಕಾಣುತ್ತದೆ. ನನ್ನ ಕೈಲಾದದ್ದು ಇಷ್ಟು. ಅಧಿಕಾರಿಯನ್ನು ತಿದ್ದುವ ಗುಂಡಿ ನನ್ನ ಬಳಿ ಇಲ್ಲ. ಅವನಿಗೆ ನೀನೇ ಬರೆ, ನಿನಗೆ ಅದು ಬರುತ್ತದೆ.

ಮುಂದಿನ ವಾರ ಬರುತ್ತೇನೆ. ವೀರಬಸಕ್ಕನಿಗೆ ಉಗ್ಗಾಣಿ ಮಾಡಲು ಹೇಳು. ತಿನ್ನುವಾಗ ನಾನು ಸೂಸಲ ಎಂದೇ ಅನ್ನುತ್ತೇನೆ.

ರುದ್ರ್ಯಾ


ಆದೋನಿ
೪ ಮಾರ್ಚ್ ೨೦೨೪

ಶಿಕ್ಷಣ ಅಧಿಕಾರಿಗಳಿಗೆ ಬಹಿರಂಗ ಪತ್ರ
(ಪ್ರತಿಗಳು: ಶಾಲೆಯ ನೋಟಿಸ್ ಬೋರ್ಡು, ಗ್ರಂಥಾಲಯ, ಹತ್ತಿ ಮಾರ್ಕೆಟ್ಟಿನ ಚಹಾದಂಗಡಿ)

ಮಾನ್ಯರೆ,

ನವೆಂಬರ್ ಒಂದರಂದು ನಮ್ಮ ಶಾಲೆಯ ಗೋಡೆಯ ಮೇಲೆ 'ಈ ಮಾಧ್ಯಮಕ್ಕೆ ಬೆಂಬಲವಿಲ್ಲ' ಎಂದು ಬಂದಾಗ ನೀವು ಮುಂದಿನ ಸಾಲಿನಲ್ಲಿದ್ದಿರಿ. ಅದು ಕಂಪ್ಯೂಟರಿನ ಮಾತು ಎಂದು ಆಮೇಲೆ ತಿಳಿಯಿತು. ಕಂಪ್ಯೂಟರು ತನ್ನ ಮಾತನ್ನು ತಿದ್ದಿಕೊಂಡಿದೆ. ಅದನ್ನು ಬರೆದವರು ತಿದ್ದಿದ್ದಾರೆ, ಕೋಡೆಕ್ ತಂದು ಹಾಕಲಾಗಿದೆ, ವೈರು ಕೂಡ ಈಗ ಸರಿಯಾಗಿದೆ. ಹನ್ನೆರಡು ವರ್ಷ ಮಾತು ಬಿಟ್ಟಿದ್ದ ಇಬ್ಬರು ಮುದುಕರು ಸಹ ತಿದ್ದಿಕೊಂಡಿದ್ದಾರೆ. ಉಳಿದವರು ನೀವೊಬ್ಬರೇ.

ಮೊನ್ನೆ ನೀವು ಮಕ್ಕಳ ಕನ್ನಡವನ್ನು ಕೇಳಿದಿರಿ, ಹೊಗಳಿದಿರಿ, ಚೂದ್ದಾಂ ಎಂದಿರಿ. ಆ ಮಾತನ್ನು ನಾನು ೧೯೫೩ರಿಂದ ಕೇಳುತ್ತಿದ್ದೇನೆ. ಆ ಉತ್ತರಕ್ಕೆ ಈ ಊರಿನಲ್ಲಿ ಬೆಂಬಲವಿಲ್ಲ.

ಮುಂದಿನ ಜೂನ್‌ನಲ್ಲಿ ಆರನೇ ತರಗತಿಗೆ ಕನ್ನಡ ವಿಭಾಗ ಇರುತ್ತದೆಯೇ, ಇಲ್ಲವೇ? ಅದಕ್ಕೆ ಮಾಸ್ತರು ಬರುತ್ತಾರೆಯೇ, ಇಲ್ಲವೇ? ಉತ್ತರವನ್ನು ನನಗೆ ಲಕೋಟೆಯಲ್ಲಿ ಕಳಿಸಬೇಡಿ. ಶಾಲೆಗೆ ಬನ್ನಿ. ಪ್ರೊಜೆಕ್ಟರು ಸಿದ್ಧವಿದೆ. 'ನಮ್ಮ ಶಾಲೆ, ನಮ್ಮ ಕನ್ನಡ ಮಾಧ್ಯಮ' ಎಂಬ ತಲೆಬರಹ ಹಾಗೆಯೇ ಇದೆ. ಅದರ ಕೆಳಗೆ, ಅಂದಿನಷ್ಟೇ ದೊಡ್ಡ ಅಕ್ಷರದಲ್ಲಿ, ನಿಮ್ಮ ಒಂದು ಸಾಲು ಬರೆಯಿರಿ.

ಮೌನಿಕಾ ಅದನ್ನು ಗಟ್ಟಿಯಾಗಿ ಓದುತ್ತಾಳೆ. ಅವಳ ಅಪ್ಪ ಹಿಂದೆ ಗೋಡೆಗೆ ಒರಗಿ ನಿಂತು ಕೇಳಿಸಿಕೊಳ್ಳುತ್ತಾನೆ. ಏನು ಬರೆಯುತ್ತೀರಿ?

ಉತ್ತರಕ್ಕೆ ಕಾದಿರುವ,
ಉಚ್ಚೀರಪ್ಪ